ಲಾಕ್ ಮಾಡಿ ಎದ್ದು ಹೋದವಳು

ನನ್ನ ನಾದಿನಿಗೆ ಸಿಟ್ಟು ಬಂದರೆ ಸದ್ದಾಗುವುದಿಲ್ಲ. ಪಾತ್ರೆ ಕುಕ್ಕುವುದು, ಬಾಗಿಲು ಬಡಿಯುವುದು, ಇಲ್ಲದ ದೂಳು ಹುಡುಕಿ ಗುಡಿಸುವುದು, ಇವೆಲ್ಲ ಮನೆಯಲ್ಲಿ ನನ್ನ ಪಾಲಿನ ಕೆಲಸ. ಅವಳು ಒಂದು ನೋಟ್‌ಬುಕ್ ತೆಗೆದು ತಾರೀಖು ಹಾಕುತ್ತಾಳೆ, ಅಷ್ಟೇ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಕತ್ತರಿ ತೆಗೆದುಕೊಂಡು ಎಲ್ಲೋ ಕಳೆದುಬಿಟ್ಟೆ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಒಂಬತ್ತು ವರ್ಷದ ಮೇಲೆ ಒಂದು ದಿನ ನಾನು ಅವಳ ಛತ್ರಿ ಕೇಳಿದರೆ, "ಮೊದಲು ಕತ್ತರಿ ತಂದಿಡಿ ಅತ್ತಿಗೆ" ಅಂದಳು. ಇಂಥವಳನ್ನು ಒಬ್ಬ ಮನುಷ್ಯ ಕೆಣಕಿದ.

ನಾವಿಬ್ಬರೂ ಕೆಲಸ ಮಾಡುವುದು ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಹಿಂದೆ ಗೋದಾಮಾಗಿದ್ದ ಉದ್ದನೆಯ ಕಟ್ಟಡ, ಇಪ್ಪತ್ತೆರಡು ಜನ. ಊರಿನ ಕನ್ನಡಕದ ಅಂಗಡಿಗಳಿಂದ ಕಣ್ಣಿನ ಡಾಕ್ಟರು ಬರೆದ ಚೀಟಿಗಳು ಬರುತ್ತವೆ. ಮುಂದಿನ ಕೋಣೆಯ ನಾಲ್ಕು ಕಂಪ್ಯೂಟರುಗಳಲ್ಲಿ ಕೂತವರು ಆ ಪವರುಗಳನ್ನು ನೋಡಿ ನೋಡಿ ಟೈಪ್ ಮಾಡುತ್ತಾರೆ. ಅಲ್ಲಿ ಅಚ್ಚಾದ ಚೀಟಿ ಉಜ್ಜುವ ಮೆಷಿನ್ನಿಗೆ ಹೋಗುತ್ತದೆ, ಉಜ್ಜಿದ ಗಾಜು ತೊಳೆಯುವ ತೊಟ್ಟಿಗೆ, ತೊಳೆದದ್ದು ಕೊನೆಗೆ ನನ್ನ ಮೇಜಿಗೆ. ನಾನು ಲಕೋಟೆಗೆ ಹಾಕಿ ಅಂಟಿಸುತ್ತೇನೆ. ಈ ಕೆಲಸಕ್ಕೆ ತಲೆ ಬೇಡ, ಅದಕ್ಕೇ ನಿನ್ನ ನಾದಿನಿ ಇದನ್ನು ಕೊಡಿಸಿದ್ದು ಎಂದು ನನ್ನ ಗಂಡ ಆಗಾಗ ನೆನಪಿಸುತ್ತಾನೆ.

ನಾದಿನಿ ಹತ್ತೊಂಬತ್ತು ವರ್ಷ ಆ ಮೊದಲನೇ ಕಂಪ್ಯೂಟರಿನ ಮುಂದೆ ಕೂತಳು. ವರ್ಷದ ಕೊನೆಗೆ ಯಾರ್ಯಾರದು ಎಷ್ಟು ತಪ್ಪು ಎಂದು ಎಲ್ಲರ ಮುಂದೆ ಓದುವ ಪದ್ಧತಿ ನಮ್ಮಲ್ಲಿದೆ. ಅವಳ ಹೆಸರಿನ ಮುಂದೆ ಪ್ರತಿ ವರ್ಷವೂ ಸೊನ್ನೆ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಸೊನ್ನೆಯಕ್ಕ. ಅವಳಿಗೆ ಆ ಹೆಸರು ಇಷ್ಟ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಮನೆಗೆ ಬಂದು ಕನ್ನಡಿ ಮುಂದೆ ತಲೆ ಬಾಚುವಾಗ ತನ್ನಷ್ಟಕ್ಕೆ ನಗುತ್ತಿದ್ದಳು.

ನಮ್ಮ ಮೇಲ್ವಿಚಾರಕನಿಗೂ ಒಂದು ಹೆಸರಿದೆ, ಸ್ವಿಚ್ಚಪ್ಪ. ಕರೆಂಟು ಉಳಿಸುತ್ತೇನೆಂದು ಕಾರ್ಖಾನೆಯ ತುಂಬ ಓಡಾಡಿ ದೀಪ ಆರಿಸುವ ಚಟ ಅವನದು. ಒಮ್ಮೆ ಬಚ್ಚಲಿನಲ್ಲಿ ನಾನು ಇರುವಾಗಲೇ ಆರಿಸಿದ್ದ. ಅದನ್ನು ನಾನಿನ್ನೂ ಮರೆತಿಲ್ಲ. ಅವನ ಮೇಜು ಇರುವುದು ತೊಳೆಯುವ ಹಜಾರದಲ್ಲೇ, ಒಂದಡಿ ಎತ್ತರದ ಹಲಗೆಯ ಮೇಲೆ. ಅಲ್ಲಿಂದ ನಮ್ಮೆಲ್ಲರ ನೆತ್ತಿ ಕಾಣುತ್ತದೆ.

ಆದದ್ದು ಇಷ್ಟು. ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜನ ಕನ್ನಡಕಕ್ಕೆ ನಾದಿನಿ ಪವರ್ ಬರೆದಳು. ಬಲಗಣ್ಣಿಗೆ ಜಾಸ್ತಿ, ಎಡಗಣ್ಣಿಗೆ ಕಡಿಮೆ. ಅವಳು ಬರೆದದ್ದು ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಸ್ವಿಚ್ಚಪ್ಪ ಒಂದು ಗೀರು ಬಿದ್ದ ಗಾಜು ನೋಡಲು ಅವಳನ್ನು ಉಜ್ಜುವ ವಿಭಾಗಕ್ಕೆ ಕರೆಸಿದ. ಅವಳು ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಎದ್ದು ಹೋದಳು, ಹನ್ನೊಂದೂವರೆಗೆ ಬಂದಳು. ಕಂಪ್ಯೂಟರಿನ ದಾಖಲೆಯಲ್ಲಿ ನೋಡಿದರೆ ಹನ್ನೊಂದು ಹತ್ತೊಂಬತ್ತಕ್ಕೆ ಅವಳ ಹೆಸರಿನಲ್ಲೇ ಆ ಅಜ್ಜನ ಬಲ ಎಡಕ್ಕೆ, ಎಡ ಬಲಕ್ಕೆ ಬದಲಾಗಿತ್ತು. ಗಾಜು ಹಾಗೇ ತಯಾರಾಯಿತು, ನಾನೇ ಲಕೋಟೆಗೆ ಹಾಕಿ ಅಂಟಿಸಿದೆ. ಅಜ್ಜ ಹೊಸ ಕನ್ನಡಕ ಹಾಕಿಕೊಂಡು ತನ್ನ ಮನೆಯ ಮೆಟ್ಟಿಲು ಇಳಿಯುವಾಗ ಎರಡು ಮೆಟ್ಟಿಲನ್ನು ಒಂದೆಂದುಕೊಂಡು ಕಾಲಿಟ್ಟು ಉರುಳಿದ. ಬಲಗೈ ಮಣಿಕಟ್ಟು ಮುರಿಯಿತು.

ಸ್ವಿಚ್ಚಪ್ಪ ನಮ್ಮನ್ನೆಲ್ಲ ತೊಟ್ಟಿಯ ಮುಂದೆ ನಿಲ್ಲಿಸಿದ.

"ಕಂಪ್ಯೂಟರ್ ತೆರೆದಿಟ್ಟು ಎದ್ದು ಹೋಗಿದಾಳೆ. ಯಾರೋ ಬಂದು ಮುಟ್ಟಿದಾರೆ. ತೆರೆದಿಟ್ಟವಳದ್ದೇ ತಪ್ಪು."

"ನಾನು ಲಾಕ್ ಮಾಡಿದ್ದೆ ಸಾರ್" ಅಂದಳು ನಾದಿನಿ.

"ನೋಡಿದವರು ಯಾರು?"

ಯಾರೂ ನೋಡಿರಲಿಲ್ಲ. ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ನಮ್ಮ ಕಂಪ್ಯೂಟರುಗಳನ್ನು ನಡೆಸುವುದು ವಿಂಡೋಸ್ ಅಲ್ಲ, ಲಿನಕ್ಸ್, ಹಳೆಯ ಕಂಪ್ಯೂಟರುಗಳಲ್ಲಿ ಹಗುರವಾಗಿ ಓಡುತ್ತದೆಂದು ಅವನೇ ಹಾಕಿಕೊಟ್ಟದ್ದು. ಅವನು ಅವಳ ಕುರ್ಚಿಯಲ್ಲಿ ಕೂತು ಹತ್ತು ಸಲ ಲಾಕ್ ಮಾಡಿದ. ಹತ್ತು ಸಲವೂ ಪರದೆ ಕಪ್ಪಾಗಿ ಪಾಸ್‌ವರ್ಡ್ ಕೇಳಿತು. "ಲಾಕ್ ಕಲ್ಲಿನ ಹಾಗಿದೆ" ಎಂದು ಹೇಳಿ ಚಹಾ ಕುಡಿದು ಹೋದ. ನಾದಿನಿಯ ಕಡತಕ್ಕೆ 'ಬೇಜವಾಬ್ದಾರಿ' ಎಂಬ ಪತ್ರ ಸೇರಿತು. ಅವಳನ್ನು ಗಾಜು ತೊಳೆಯುವ ತೊಟ್ಟಿಯ ಕೆಲಸಕ್ಕೆ ಹಾಕಿದರು. ಅವಳ ಕುರ್ಚಿಗೆ ಪಕ್ಕದ ಕುರ್ಚಿಯಿಂದ ಬಂದು ಕೂತವನು ಸ್ವಿಚ್ಚಪ್ಪನ ಸೋದರಳಿಯ. ಸೋಪಿನ ನೀರಿನಲ್ಲಿ ಅವಳ ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗುವುದನ್ನು ನಾನು ದಿನವೂ ನೋಡಬೇಕಾಯಿತು.

ಮುಂದಿನ ಭಾನುವಾರ ಅವಳು ಅಜ್ಜನನ್ನು ನೋಡಲು ಹೊರಟಳು, ನಾನೂ ಹೋದೆ. ಅಂಗಡಿ ಕೆಳಗೆ, ಮನೆ ಮೇಲೆ. ಅಜ್ಜ ಕೈಗೆ ಬಿಳಿ ಕಟ್ಟು ಹಾಕಿಸಿಕೊಂಡು ಬಾಗಿಲಲ್ಲೇ ಕೂತಿದ್ದ.

"ಒಂದು ಸ್ಕ್ರೂ ಹಿಡಿಯೋಕಾಗಲ್ಲ ಕಣಮ್ಮ. ನಲವತ್ತು ವರ್ಷದಿಂದ ಹಿಡಿದ ಕೈ. ನೀನೇನಾ ಅದನ್ನ ಬರೆದೋಳು?"

"ನಾನು ಸರಿಯಾಗೇ ಬರೆದಿದ್ದೆ."

"ಹೋಗು. ನಿನ್ನ ಮುಖ ನೋಡಿದ್ರೆ ಮೆಟ್ಟಿಲು ನೆನಪಾಗುತ್ತೆ."

ಬರುವಾಗ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಸ್ವಿಚ್ಚಪ್ಪನ ಕನ್ನಡಕಕ್ಕೆ ಎಣ್ಣೆ ಸವರುತ್ತೇನೆ, ಅವನ ಕುರ್ಚಿಯ ಒಂದು ಮೊಳೆ ಸಡಿಲಿಸುತ್ತೇನೆ, ಅವನು ಬಚ್ಚಲಿಗೆ ಹೋದಾಗ ನಾನೇ ದೀಪ ಆರಿಸುತ್ತೇನೆ, ಹೀಗೆ. ನಾದಿನಿ ರಸ್ತೆಯ ಮೂಲೆಯಲ್ಲಿ ನಿಂತಳು.

"ಚಿಲ್ಲರೆ ಸೇಡು ಬೇಡ ಅತ್ತಿಗೆ. ನಾನು ಲಾಕ್ ಮಾಡಿದ್ದೆ ಅಂತ ಅವನ ಬಾಯಲ್ಲೇ ಹೇಳಿಸ್ತೀನಿ. ಅಲ್ಲೇ, ಆ ತೊಟ್ಟಿ ಮುಂದೆ, ಅಷ್ಟೂ ಜನ ಇರುವಾಗ. ಅಲ್ಲೀತನಕ ನನಗೆ ಬೇರೇನೂ ಬೇಡ."

ಮನೆಗೆ ಬಂದು ನೋಟ್‌ಬುಕ್ ತೆಗೆದು ತಾರೀಖು ಹಾಕಿದಳು. ಸ್ವಿಚ್ಚಪ್ಪನಿಗೆ ಇನ್ನೇನು ಕಾದಿದೆಯೋ ಎಂದು ನನಗೆ ಮೊದಲ ಬಾರಿಗೆ ಒಂದಿಷ್ಟು ಹೆದರಿಕೆಯಾಯಿತು. ಕನಿಕರವಲ್ಲ.

ನನ್ನ ಗಂಡನ ಆಫೀಸಿನಲ್ಲಿ ಮೂಲೆಗೆ ಬಿದ್ದಿದ್ದ ಒಂದು ಕಂಪ್ಯೂಟರ್ ನಮ್ಮ ಊಟದ ಮೇಜಿಗೆ ಬಂತು. ರಿಪೇರಿಯವನ ಹತ್ತಿರ ಕಾರ್ಖಾನೆಯಲ್ಲಿ ಹಾಕಿದ ಅದೇ ಲಿನಕ್ಸನ್ನು ಕೇಳಿ ಪಡೆದು ಅದಕ್ಕೆ ಹಾಕಿದಳು. ಸುಮ್ಮನೆ ಕಲಿಯಲಿಕ್ಕೆ ಎಂದು ಹೇಳಿದ್ದಳು, ಅವನು ನಂಬಿದ. ಅಂದಿನಿಂದ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದು ಗಂಟೆ, ಸಂಜೆ ಬಂದ ಮೇಲೆ ಒಂದು ಗಂಟೆ ಅವಳು ಆ ಪರದೆಗೆ ಲಾಕ್ ಹಾಕುವುದು, ತೆಗೆಯುವುದು.

ಅವಳಿಗೆ ಗೊತ್ತಿದ್ದ ವಿದ್ಯೆ ಒಂದೇ. ಕಣ್ಣು ಪರೀಕ್ಷೆ ಮಾಡುವಾಗ ಡಾಕ್ಟರು ಒಂದು ಸಲಕ್ಕೆ ಒಂದೇ ಗಾಜು ಬದಲಾಯಿಸಿ, ಇದು ಚೆನ್ನಾಗಿದೆಯೋ ಅದೋ ಎಂದು ಕೇಳುತ್ತಾರಲ್ಲ, ಹಾಗೇ ಒಂದು ಸಲಕ್ಕೆ ಒಂದೇ ಒಂದನ್ನು ಬದಲಿಸಿದಳು. ಲಾಕ್ ಮಾಡಿ ಐದು ನಿಮಿಷ ಬಿಟ್ಟು ನೋಡಿದಳು, ಇಪ್ಪತ್ತು ನಿಮಿಷ ಬಿಟ್ಟು ನೋಡಿದಳು. ಮೌಸ್ ಕಿತ್ತು ನೋಡಿದಳು. ಕೀಲಿಗಳ ಮೇಲೆ ಪುಸ್ತಕ ಹೇರಿದಳು. ತಾನಾಗಿ ಲಾಕ್ ಆಗುವ ತನಕ ಕಾದಳು. ಒಂದೇ ಕಂಪ್ಯೂಟರಿನಲ್ಲಿ ಎರಡು ಲಾಕ್ ಪ್ರೋಗ್ರಾಂ ಇದ್ದರೆ ಜಗಳವಾಡುತ್ತವಂತೆ, ಅದನ್ನೂ ಹುಡುಕಿದಳು, ಇರಲಿಲ್ಲ. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಪ್ರತಿ ಸಾಲಿನ ಕೊನೆಗೂ 'ತೆರೆಯಲಿಲ್ಲ'.

"ನೂರಾ ನಲವತ್ತಾಯ್ತು. ಅಮ್ಮಾ ತಾಯಿ, ನಿಜ ಹೇಳು, ಅವತ್ತು ಮರೆತಿದ್ಯಾ?" ಎಂದು ನಾನು ಒಂದು ಸಂಜೆ ಕೇಳಿಬಿಟ್ಟೆ.

ಕೇಳಬಾರದಿತ್ತು. ಅವಳು ನನ್ನನ್ನು ನೋಡಿದ ನೋಟಕ್ಕೆ ನನ್ನ ಕೈಯಲ್ಲಿದ್ದ ಲೋಟ ತಾನಾಗಿ ಕೆಳಗಿಳಿಯಿತು. ಅವಳು ಕುರ್ಚಿ ಬಿಟ್ಟು ಎದ್ದು ಅಂದಳು.

"ನಾನು ಕುರ್ಚಿಯಿಂದ ಏಳೋದನ್ನ ನೀವು ಸಾವಿರ ಸಲ ನೋಡಿದೀರಿ. ಹೇಗೆ ಏಳ್ತೀನಿ, ಮಾಡಿ ತೋರಿಸಿ."

ನಾದಿನಿಯನ್ನು ಅಣಕಿಸು ಎಂದು ಅವಳೇ ಹೇಳಿದರೆ ಯಾವ ಅತ್ತಿಗೆ ಬಿಡುತ್ತಾಳೆ? ನಾನು ಕುರ್ಚಿಯಲ್ಲಿ ಬೆನ್ನು ಸೆಟೆಸಿ ಕೂತೆ. ಕನ್ನಡಕ ತೆಗೆದು ಎರಡೂ ಗಾಜಿಗೆ ಊದಿದೆ. ಪೆನ್ನಿಗೆ ಮುಚ್ಚಳ ಹಾಕಿದೆ. ಎರಡು ಬೆರಳಲ್ಲಿ ಲಾಕ್ ಕೀಲಿ ಒತ್ತಿದೆ. ಆಮೇಲೆ ಯಾರೋ ದೊಡ್ಡವರ ಅಪ್ಪಣೆ ಪಾಲಿಸುವವಳ ಹಾಗೆ ತಲೆ ಬಾಗಿಸಿ, ಪರದೆಯ ಕೆಳಗೆ ಬೆರಳು ತೂರಿಸಿ, ಅದರ ಸ್ವಿಚ್ ಟಕ್ ಎಂದು ಆರಿಸಿ, ಕುರ್ಚಿಯನ್ನು ಒಳಗೆ ತಳ್ಳಿದೆ. ನನ್ನ ಗಂಡ ಬಿದ್ದು ಬಿದ್ದು ನಕ್ಕ. ನಾದಿನಿ ನಗಲಿಲ್ಲ.

"ಸ್ವಿಚ್" ಅಂದಳು.

ಪ್ರತಿ ಕಂಪ್ಯೂಟರಿಗೂ ಸ್ವಿಚ್ಚಪ್ಪ ಒಂದು ಚೀಟಿ ಅಂಟಿಸಿದ್ದ, 'ಕುರ್ಚಿ ಬಿಟ್ಟು ಏಳುವಾಗ ಸ್ಕ್ರೀನಿನ ಸ್ವಿಚ್ ಆರಿಸತಕ್ಕದ್ದು'. ಕೆಳಗೆ ಸಹಿ. ಚೀಟಿ ಅಂಟಿಸಿದವನೂ ಸೇರಿ ಉಳಿದವರು ಒಂದು ವಾರ ಆರಿಸಿ ಬಿಟ್ಟರು. ಎರಡು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಆರಿಸುತ್ತಿದ್ದವಳು ಇವಳೊಬ್ಬಳೇ. ರಿಪೇರಿಯವನೂ ಆರಿಸಿರಲಿಲ್ಲ. ಮನೆಯಲ್ಲಿ ಚೀಟಿ ಇಲ್ಲದ್ದರಿಂದ ಇವಳ ಕೈಗೂ ಅದು ಬಂದಿರಲಿಲ್ಲ.

ಕೂಡಲೇ ಲಾಕ್ ಮಾಡಿ, ಸ್ವಿಚ್ ಆರಿಸಿ, ಮತ್ತೆ ಹಾಕಿದಳು. ಪಾಸ್‌ವರ್ಡ್ ಕೇಳಿತು. ನನಗೆ ಅಳು ಬಂತು. ಅವಳು ಮೇಜಿನ ಹಿಂದೆ ಬಗ್ಗಿ ನೋಡಿ, "ಇದು ಹಳೇ ಕೇಬಲ್. ಕಾರ್ಖಾನೇಲಿ ಎಲ್ಲಾ ಕಂಪ್ಯೂಟರಿಗೂ ಇರೋದು ಹೊಸದು, ಚಪ್ಪಟೆ ಮೂತಿದು" ಎಂದಳು. ಒಂದೇ ಒಂದನ್ನು ಬದಲಾಯಿಸುವವಳಿಗೆ ಅದು ಕಾಣದೇ ಇರುತ್ತದೆಯೇ? ಮರುದಿನ ಸಂಜೆ ಚಪ್ಪಟೆ ಮೂತಿಯ ಕೇಬಲ್ ಬಂತು, ಅದು ಸಿಕ್ಕಿಸಲು ತೂತಿರುವ ಪರದೆಯನ್ನು ನನ್ನ ಗಂಡ ಸ್ನೇಹಿತನ ಮನೆಯಿಂದ ಹೊತ್ತು ತಂದ. ಲಾಕ್ ಮಾಡಿದಳು. ಸ್ವಿಚ್ ಆರಿಸಿದಳು. ಹತ್ತರ ತನಕ ಎಣಿಸಿ ಹಾಕಿದಳು.

ಪರದೆ ಬಾಗಿಲಿಲ್ಲದ ಮನೆಯ ಹಾಗೆ ತೆರೆದುಕೊಂಡಿತ್ತು. ಪಾಸ್‌ವರ್ಡೂ ಇಲ್ಲ, ಮಣ್ಣೂ ಇಲ್ಲ.

ಕಂಪ್ಯೂಟರ್ ಒಳಗೊಳಗೇ ತನ್ನ ದಿನಚರಿ ಬರೆದುಕೊಳ್ಳುತ್ತದೆ, ಪ್ರತಿ ಸೆಕೆಂಡಿನ ಲೆಕ್ಕ ಅದರಲ್ಲಿರುತ್ತದೆ. ಅವಳು ಅದನ್ನು ತೆಗೆದು ನನಗೆ ಓದಿ ಹೇಳಿದಳು. ಹೊಸ ಕೇಬಲ್ಲಿನಲ್ಲಿ ಸ್ವಿಚ್ ಆರಿಸಿದರೆ, ಪರದೆಯನ್ನೇ ಯಾರೋ ಕಿತ್ತುಕೊಂಡು ಹೋದರು ಎಂದು ಕಂಪ್ಯೂಟರ್ ತಿಳಿಯುತ್ತದೆ. ತಾನು ಕಾಯಬೇಕಾದ ಪರದೆಯೇ ಇಲ್ಲವೆಂದಾಗ ಲಾಕ್ ಪ್ರೋಗ್ರಾಂ ಗಾಬರಿಯಾಗಿ ಅಲ್ಲೇ ಸಾಯುತ್ತದೆ. ಪರದೆ ಮತ್ತೆ ಬಂದಾಗ ಕಾಯುವವರು ಯಾರೂ ಇಲ್ಲ. ಕುರ್ಚಿಗೆ ಮರಳಿದಾಗ ಪರದೆ ಬೆಳಗುವ ಮೊದಲೇ ಪಾಸ್‌ವರ್ಡ್ ಒತ್ತಿ ಮುಗಿಸುವ ಅಭ್ಯಾಸದವಳಿಗೆ ಅದು ಇಷ್ಟು ದಿನ ಗೊತ್ತಾಗಿರಲೇ ಇಲ್ಲ. ಅಪ್ಪಣೆ ಪಾಲಿಸಿದ್ದಕ್ಕೆ ಇವಳ ಬೀಗ ಮುರಿಯಿತು. ಪಾಲಿಸದವರ ಬೀಗವೆಲ್ಲ ಗಟ್ಟಿಯಾಗಿತ್ತು. ನನಗೆ ಆ ಚೀಟಿಯನ್ನು ಅವನ ಹಣೆಗೇ ಅಂಟಿಸಬೇಕೆನ್ನಿಸಿತು.

ಬುಧವಾರ ಸ್ವಿಚ್ಚಪ್ಪನೂ ಸೋದರಳಿಯನೂ ಊಟಕ್ಕೆ ಹೋದ ಹೊತ್ತು ನೋಡಿ ರಿಪೇರಿಯವನನ್ನು ಕಾರ್ಖಾನೆಗೆ ಕರೆಸಿದಳು. ಮೊದಲು ನಕ್ಕ. ಆಮೇಲೆ ಅವಳ ಹಳೆಯ ಕಂಪ್ಯೂಟರಿನ ದಿನಚರಿಯಲ್ಲಿ ಆ ದಿನದ ಪುಟ ತೆಗೆದ. ಹನ್ನೊಂದು ಗಂಟೆ ಹನ್ನೆರಡು ನಿಮಿಷ ಆರನೇ ಸೆಕೆಂಡಿಗೆ ಲಾಕ್ ಆಗಿದೆ. ಒಂಬತ್ತನೇ ಸೆಕೆಂಡಿಗೆ ಪರದೆ ಹೋಗಿದೆ, ಹತ್ತಕ್ಕೆ ಲಾಕ್ ಸತ್ತಿದೆ. ಹನ್ನೊಂದು ಹದಿನೇಳಕ್ಕೆ ಪರದೆ ಬಂದಿದೆ. ಅವನ ಮುಖ ಹುಳ್ಳಗಾಯಿತು.

"ಅಕ್ಕಾ, ತಪ್ಪಾಯ್ತು. ಇದಕ್ಕೆ ಹೊಸ ಆವೃತ್ತಿ ಬಂದಿದೆ, ಹತ್ತು ನಿಮಿಷದಲ್ಲಿ ಎಲ್ಲ ಸರಿ ಮಾಡಿಬಿಡ್ತೀನಿ."

"ಮುಟ್ಟಬೇಡ."

"ಆಂ?"

"ಸೋಮವಾರದ ತನಕ ಯಾವುದನ್ನೂ ಸರಿ ಮಾಡಬೇಡ. ಆ ಪುಟ ಅಚ್ಚು ಹಾಕಿ ಕೊಡು. ಸೋಮವಾರ ಒಂಬತ್ತಕ್ಕೆ ನೀನಿಲ್ಲಿರಬೇಕು. ಇಲ್ಲದಿದ್ರೆ ಕಲ್ಲಿನ ಹಾಗಿದೆ ಅಂದವನು ನೀನೇ ಅನ್ನೋದನ್ನ ಊರಿಗೆಲ್ಲ ಹೇಳ್ತೀನಿ."

ಅಷ್ಟರಲ್ಲಿ ಯಾರದಾದರೂ ಕಣ್ಣಿಗೆ ಮತ್ತೆ ಅಪಾಯವಾದರೆ ಎಂದು ನಾನು ಗೊಣಗಿದೆ. ಅವಳು ಅದನ್ನೂ ಯೋಚಿಸಿದ್ದಳು. ಬುಧವಾರದಿಂದ ಶನಿವಾರದವರೆಗೆ ತೊಟ್ಟಿಗೆ ಬಂದ ಪ್ರತಿಯೊಂದು ಗಾಜನ್ನೂ ತೊಳೆದು, ಒರೆಸಿ, ಅಳೆಯುವ ಯಂತ್ರಕ್ಕಿಟ್ಟು, ಡಾಕ್ಟರ ಚೀಟಿಯ ಜೊತೆ ತಾಳೆ ನೋಡಿಯೇ ನನಗೆ ಕೊಟ್ಟಳು. ಊಟಕ್ಕೂ ಸರಿಯಾಗಿ ಏಳಲಿಲ್ಲ. ಸೇಡಿಗಾಗಿ ಮುರಿದ ಬೀಗವನ್ನು ಹಾಗೇ ಬಿಟ್ಟವಳು ತಾನೇ ಬಾಗಿಲಲ್ಲಿ ಕಾವಲು ಕೂತಳು.

ಪ್ರತಿ ಸೋಮವಾರ ಬೆಳಗ್ಗೆ ಕಾರ್ಖಾನೆಯ ಒಡತಿ ಬರುತ್ತಾರೆ, ಎಲ್ಲರೂ ಹಜಾರದಲ್ಲಿ ನಿಂತು ವಾರದ ಕೆಲಸ ಕೇಳಿಸಿಕೊಳ್ಳುತ್ತೇವೆ. ಸ್ವಿಚ್ಚಪ್ಪನ ಮಾತು ಮುಗಿಯುತ್ತಿದ್ದಂತೆ ನಾದಿನಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದಳು. ದನಿ ಬೆಣ್ಣೆಯಂತಿತ್ತು.

"ಸಾರ್, ನನಗೆ ಲಾಕ್ ಮಾಡೋಕೆ ಬರಲ್ಲ ಅಂತ ಬರೆದಿದೀರಿ. ಒಂದು ಸಲ ನಿಮ್ಮ ಕಂಪ್ಯೂಟರಲ್ಲಿ ತೋರಿಸಿಕೊಡ್ತೀರಾ? ಕಲೀತೀನಿ."

ಅವನಿಗೆ ಹಿಗ್ಗೋ ಹಿಗ್ಗು. ಒಡತಿಯ ಮುಂದೆ ಪಾಠ ಹೇಳುವ ಅವಕಾಶ. ಹಲಗೆ ಹತ್ತಿ ಕೀಲಿ ಒತ್ತಿದ. "ನೋಡಮ್ಮ, ಇಷ್ಟೇ. ಮಕ್ಕಳೂ ಮಾಡ್ತಾರೆ."

"ಆಮೇಲೆ ಸ್ಕ್ರೀನಿನ ಸ್ವಿಚ್ಚೂ ಆರಿಸಬೇಕಾ ಸಾರ್?"

"ಮತ್ತೆ? ಚೀಟಿ ಓದಿಲ್ವಾ?" ಎಂದು ಅದನ್ನೂ ಆರಿಸಿದ.

"ಈಗ ಕೆಳಗೆ ಬನ್ನಿ. ಇನ್ನೂ ಈ ಕಡೆ. ಕೈ ಕಟ್ಕೊಳ್ಳಿ."

ಅವನು ನಗುತ್ತಲೇ ಕೈ ಕಟ್ಟಿದ. ನಾದಿನಿ ಹಲಗೆ ಹತ್ತಿ ಸ್ವಿಚ್ ಹಾಕಿದಳು. ಇಪ್ಪತ್ತೆರಡು ಜನರ ಮುಂದೆ ಅವನ ಕಂಪ್ಯೂಟರ್ ಹಲ್ಲು ಕಿರಿದು ತೆರೆದುಕೊಂಡಿತು. ಅದರಲ್ಲಿ ಒಡತಿಯದೇ ಹೊಸ ಕನ್ನಡಕದ ಚೀಟಿ ಇತ್ತು. ನಾದಿನಿ ಎರಡು ಸಂಖ್ಯೆ ಅದಲುಬದಲು ಮಾಡಿ, ಉಳಿಸಿ, ಓದಿದಳು. "ಒಂಬತ್ತು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಅಮ್ಮಾವ್ರ ಬಲಗಣ್ಣು ಎಡಕ್ಕೆ ಹೋಗಿದೆ. ತಿದ್ದಿದವರು, ಮೇಲ್ವಿಚಾರಕರು."

"ಏಯ್! ನಾನೆಲ್ಲಿ ತಿದ್ದಿದೆ? ನಾನು ಲಾಕ್ ಮಾಡಿದ್ದೆ! ಎಲ್ಲರೂ ನೋಡಿದ್ರಲ್ಲ!"

"ನಾನೂ ಇದನ್ನೇ ಹೇಳಿದ್ದೆ ಸಾರ್. ನೋಡಿದವರಿರಲಿಲ್ಲ, ಅಷ್ಟೇ."

ರಿಪೇರಿಯವನು ಅಚ್ಚು ಹಾಕಿದ ಪುಟವನ್ನು ಒಡತಿಯ ಕೈಗೆ ಕೊಟ್ಟು ತಗ್ಗಿದ ದನಿಯಲ್ಲಿ ವಿವರಿಸಿದ. ಒಡತಿ ಎರಡು ಸಲ ಓದಿ, "ಹನ್ನೊಂದು ಹದಿನೇಳಕ್ಕೆ ಸ್ಕ್ರೀನ್ ಹಾಕಿದ್ಯಾರು?" ಎಂದು ಕೇಳಿದರು. ನಾನು ಸೋದರಳಿಯನನ್ನೇ ನೋಡುತ್ತಿದ್ದೆ. ಅವನ ಕಿವಿ ಕೆಂಪಾಗಿ, ಕಣ್ಣು ಅತ್ತಿತ್ತ ಓಡಿ, ಕೊನೆಗೆ ಬಾಯಿಬಿಟ್ಟ.

"ನನ್ನ ಕಂಪ್ಯೂಟರ್ ಸಿಕ್ಕಾಕ್ಕೊಂಡಿತ್ತು. ನನ್ನದೊಂದು ಚೀಟಿ ತಿದ್ದಬೇಕಿತ್ತು. ಅಕ್ಕನ ಸ್ಕ್ರೀನ್ ಹಾಕಿದೆ, ಅದರಲ್ಲಿ ತೆರೆದಿದ್ದ ಚೀಟಿ ನನ್ನದೇ ಅಂದ್ಕೊಂಡು ತಿದ್ದಿ, ಮತ್ತೆ ಸ್ಕ್ರೀನ್ ಆರಿಸಿ ಎದ್ದುಬಿಟ್ಟೆ. ಅಜ್ಜ ಬಿದ್ದ ಸುದ್ದಿ ಬಂದ ದಿನವೇ ಮಾವನಿಗೆ ಹೇಳಿದ್ದೆ."

ಪಕ್ಕದಲ್ಲಿ ಉಜ್ಜುವ ಮೆಷಿನ್ನು ಗರಗರ ಓಡುತ್ತಲೇ ಇತ್ತು. ಸ್ವಿಚ್ಚಪ್ಪನಿಗೆ ಗೊತ್ತಿತ್ತು. ಎರಡು ತಿಂಗಳು ಅವಳ ನೆತ್ತಿಯನ್ನು ಮೇಲಿಂದ ನೋಡುತ್ತಾ ಕೂತವನಿಗೆ ಗೊತ್ತಿತ್ತು. ನನ್ನ ಕೈಯಲ್ಲಿ ಅಂಟಿನ ಡಬ್ಬಿಯಿತ್ತು. ಅದನ್ನು ಎಸೆಯದೆ ಹಿಡಿದುಕೊಂಡದ್ದು ನನ್ನ ಜೀವಮಾನದ ದೊಡ್ಡ ಸಂಯಮ.

"ತೆರೆದಿಟ್ಟಿದ್ದಾಳೆ ಅಂತಲೇ ನಾನು..." ಎಂದು ಸ್ವಿಚ್ಚಪ್ಪ ತೊದಲಿದ. "ಅದೇನೋ ಕಂಪ್ಯೂಟರಿನಲ್ಲಿ ದೋಷ ಇತ್ತು ಅಂತ ಈಗ ಗೊತ್ತಾಯ್ತು."

"ಅದು ಕಂಪ್ಯೂಟರಿನ ವಿಷಯ. ನನ್ನ ವಿಷಯ ಹೇಳಿ."

"ಇವರು ಲಾಕ್ ಮಾಡಿದ್ರು."

"ಮೆಷಿನ್ ಸದ್ದಿದೆ ಸಾರ್, ಹಿಂದಿನವರಿಗೆ ಕೇಳಿಸಲಿಲ್ಲ."

"ಇವರು ಲಾಕ್ ಮಾಡಿದ್ರು! ತಪ್ಪು ನನ್ನದು!"

ಒಡತಿ ಕಡತದ ಪತ್ರವನ್ನು ತರಿಸಿ ಅಲ್ಲೇ ಹರಿದರು. ನಾದಿನಿಗೆ ಕುರ್ಚಿಗೆ ಹೋಗಿ ಕೂರಲು ಹೇಳಿದರು. ನಾವೆಲ್ಲ ಚಪ್ಪಾಳೆ ತಟ್ಟುವುದರಲ್ಲಿದ್ದೆವು.

"ಕುರ್ಚಿ ನಾಳೆ ಅಮ್ಮಾ" ಅಂದಳು ಅವಳು. "ಇವತ್ತು ಇವರನ್ನ ಒಂದು ಮನೆಗೆ ಕರ್ಕೊಂಡು ಹೋಗಬೇಕು. ನೀವು ಕಳಿಸಿಕೊಡಬೇಕು."

ಒಡತಿ ಹೂಂ ಅಂದರು. ಮೂವರೂ ನಡೆದೇ ಹೋದೆವು. ಮುಂದೆ ನಾದಿನಿ, ನಡುವೆ ಸ್ವಿಚ್ಚಪ್ಪ, ಅವನೆಲ್ಲಿ ಅಡ್ಡರಸ್ತೆಗೆ ಜಾರುತ್ತಾನೋ ಎಂದು ಹಿಂದೆ ನಾನು.

ಅಜ್ಜನ ಕಟ್ಟು ಬಿಚ್ಚಿದ್ದರು. ಅಂಗಡಿಯಲ್ಲಿ ಒಂದು ಕೈಗಡಿಯಾರ ಬಿಚ್ಚಿಕೊಂಡು ಮೇಜಿನ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ಅವನ ಬೆರಳುಗಳು ಸುಮ್ಮನೆ ನಡುಗುತ್ತಿದ್ದವು. ಸ್ವಿಚ್ಚಪ್ಪ ಹೊಸಲಲ್ಲಿ ನಿಂತು, ಯಾರು ಬದಲಾಯಿಸಿದ್ದು, ತಾನು ಏನನ್ನು ಮುಚ್ಚಿಟ್ಟದ್ದು, ಒಂದೂ ಬಿಡದೆ ಹೇಳಿದ. ಎಲ್ಲಾದರೂ ನಿಂತರೆ ನಾದಿನಿ "ಆಮೇಲೆ?" ಅನ್ನುತ್ತಿದ್ದಳು.

ಅಜ್ಜ ನಾದಿನಿಯ ಕಡೆ ತಿರುಗಿದ. "ಇಷ್ಟು ದಿನ ದಿನಾ ಬೆಳಗ್ಗೆ ಎದ್ದು ನಿನ್ನನ್ನ ಬೈತಿದ್ದೆ ಮಗಳೇ. ಅದರಲ್ಲೇ ಒಂದಿಷ್ಟು ಸಮಾಧಾನ ಇತ್ತು. ಈಗ ನಾನು ಯಾರನ್ನ ಬೈಲಿ?"

ನಾದಿನಿ ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು ಕೂತಳು. "ಇವರನ್ನ ಬೈರಿ ತಾತ. ನಾನು ಕೇಳ್ತೀನಿ."

ಅಜ್ಜ ಶುರು ಮಾಡಿದ. ಎರಡು ತಿಂಗಳು ಅವಳಿಗಾಗಿ ಕೂಡಿಟ್ಟದ್ದನ್ನೆಲ್ಲ ಅವನ ಮೇಲೆ ಸುರಿದ. ದನಿ ಏರಿತು, ಬೀದಿಯಲ್ಲಿ ಹೋಗುವವರು ನಿಂತರು. ಸ್ವಿಚ್ಚಪ್ಪ ತನ್ನ ಚಪ್ಪಲಿಗಳನ್ನೇ ನೋಡುತ್ತಿದ್ದ. ನನಗೆ ಪಾಪ ಅನ್ನಿಸಬೇಕಿತ್ತೇನೋ, ಅನ್ನಿಸಲಿಲ್ಲ. ಕೊನೆಗೆ ವಯಸ್ಸಾದವನಿಗೆ ಉಸಿರು ಸಾಲದೆ, "ಸಾಕು, ಹೋಗಲಿ ಬಿಡು" ಎಂದು ಕೈಯಾಡಿಸಿದ.

ನಾದಿನಿ ಎದ್ದು ಅಜ್ಜನಿಗೆ ಒಂದು ಲೋಟ ನೀರು ಕುಡಿಸಿದಳು. ಅವನು ಕುಡಿದು ಮುಗಿಸುವ ತನಕ ಕಾದು, ಲೋಟ ತೆಗೆದುಕೊಂಡು, ಮತ್ತೆ ಸ್ಟೂಲಿನ ಮೇಲೆ ಕೂತಳು.

"ಸ್ಕ್ರೂ ಹಿಡಿಯೋಕಾಗಲ್ಲ ಅನ್ನೋದನ್ನ ಇವರಿಗೆ ಹೇಳಲೇ ಇಲ್ಲ ನೀವು" ಅಂದಳು. "ಅದನ್ನೂ ಹೇಳಿ ತಾತ."